ಹೆಲ್ಮೆಟ್ಟಿನೊಳಗಿನ ಬಿಲ್ಲೆ ಮೊದಲು ಯಾರಿಗೆ ಸುದ್ದಿ ಹೇಳಬೇಕು?

ಕಟ್ಟುತ್ತಿರುವ ಕಟ್ಟಡ ಕುಸಿದರೆ, ಸುರಂಗದೊಳಗೆ ಮಣ್ಣು ಜಾರಿದರೆ, ಓಡಿ ಬಂದವರು ಮೊದಲು ಕೇಳುವುದು ಒಂದೇ ಮಾತು: ಒಳಗೆ ಎಷ್ಟು ಜನ ಇದ್ದರು? 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದಾಗ ಅವಶೇಷಗಳ ಅಡಿ ದಿನಗಟ್ಟಲೆ ಹುಡುಕಾಟ ನಡೆಯಿತು. 2025ರ ಫೆಬ್ರುವರಿ 22ರಂದು ತೆಲಂಗಾಣದ ಶ್ರೀಶೈಲಂ ಎಡದಂಡೆ ಕಾಲುವೆಯ ಸುರಂಗದಲ್ಲಿ ಮೇಲ್ಭಾಗ ಕುಸಿದು ಕೆಸರು ನುಗ್ಗಿತು. ಎಂಟು ಮಂದಿ ಒಳಗೇ ಉಳಿದರು. ಅಲ್ಲಿ ಎಷ್ಟು ಜನ ಎಂಬುದು ಗೊತ್ತಿತ್ತು, ಯಾವ ಜಾಗದಲ್ಲಿ ಎಂಬುದು ಗೊತ್ತಾಗಲಿಲ್ಲ. ನೆಲದೊಳಗೆ ಶೋಧಿಸುವ ರಾಡಾರ್ ತಂದರು, ಕೇರಳ ಪೊಲೀಸರ ಶ್ವಾನಗಳನ್ನು ಕರೆಸಿದರು. ವಾರಗಟ್ಟಲೆ ಅಗೆದ ಮೇಲೆ ಸಿಕ್ಕಿದ್ದು ಇಬ್ಬರ ದೇಹ.

ಈ ಸುದ್ದಿಗಳನ್ನು ನಾವು ದಾವಣಗೆರೆ, ಚಿತ್ರದುರ್ಗದ ಜನ ದೂರದ ಊರಿನದೆಂದು ಓದಿ ಮುಗಿಸುವಂತಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಚಿತ್ರದುರ್ಗದ ಕಡೆಗೆ ಹರಿಯಬೇಕಾದರೆ ಅಜ್ಜಂಪುರದ ಬಳಿಯ ಸುಮಾರು 7 ಕಿಲೋಮೀಟರ್ ಸುರಂಗವನ್ನು ದಾಟಬೇಕು. ಆ ಸುರಂಗವನ್ನು ಕೊರೆದವರು ಮನುಷ್ಯರೇ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ಬರಬೇಕಾದ ನೇರ ರೈಲು ಮಾರ್ಗ ಸುಮಾರು 191 ಕಿಲೋಮೀಟರಿನದು. ಜೋಗಿಮಟ್ಟಿಯ ಸುತ್ತಲಿನ ಗಾಳಿಯಂತ್ರಗಳು, ರಾಷ್ಟ್ರೀಯ ಹೆದ್ದಾರಿ 48ರ ಷಟ್ಪಥ, 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಆಯ್ಕೆಯಾದ ದಾವಣಗೆರೆಯ ರಸ್ತೆ, ಚರಂಡಿ, ಕಟ್ಟಡಗಳು: ಇವೆಲ್ಲದರ ಹಿಂದೆ ಬಿಸಿಲಿನಲ್ಲಿ ನಿಂತ ಜನರಿದ್ದಾರೆ. ಅವರು ಈ ಹೊತ್ತಿನಲ್ಲಿ ಎಲ್ಲಿದ್ದಾರೆ ಎಂಬುದನ್ನು ತಂತಿಯಿಲ್ಲದೆ, ಕ್ಷಣಕ್ಷಣಕ್ಕೂ ತಿಳಿಸುವ ಸಾಧನಗಳು ಈಗ ಮಾರುಕಟ್ಟೆಯಲ್ಲಿವೆ. ಅವು ನಮ್ಮ ಕಾಮಗಾರಿಗಳಿಗೂ ಬರಲಿವೆ. ಬರುವ ಮೊದಲೇ ಒಂದಿಷ್ಟು ತಿಳಿದುಕೊಳ್ಳುವುದು ಒಳ್ಳೆಯದು.

ಹಳೆಯ ಪದ್ಧತಿ ನಮಗೆಲ್ಲ ಗೊತ್ತಿರುವುದೇ. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿಯ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ಇಡೀ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಶನಿವಾರ ಬಟವಾಡೆಯ ಹೊತ್ತಿಗೆ ಆ ಗೀಟುಗಳ ಮೇಲೆ ವಾದ ಆಗುತ್ತಿತ್ತು, ಆದರೆ ವಾದಕ್ಕೆ ಅವಕಾಶವೂ ಇತ್ತು. ಗೀಟು ಹಾಕಿದವನು ಎದುರಿಗೇ ನಿಂತಿರುತ್ತಿದ್ದ. ಭೂಗತ ಗಣಿಗಳಲ್ಲಿ ಇನ್ನೊಂದು ಪದ್ಧತಿ ಇತ್ತು: ಕೆಳಗೆ ಇಳಿಯುವವನು ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆ ಒಯ್ಯಬೇಕು, ಮೇಲೆ ಬಂದಾಗ ಹಲಗೆಯ ಮೊಳೆಗೆ ಮರಳಿ ತೂಗುಹಾಕಬೇಕು. ಪಾಳಿ ಮುಗಿದ ಮೇಲೂ ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಇಂದಿನ ಟ್ಯಾಗ್, ಅಂದರೆ ಕೆಲಸಗಾರನ ಹೆಲ್ಮೆಟ್ಟಿಗೋ ಯಂತ್ರಕ್ಕೋ ಅಳವಡಿಸುವ ಸಣ್ಣ ತಂತಿರಹಿತ ಸಾಧನ, ಆ ಬಿಲ್ಲೆಯ ಮೊಮ್ಮಗು. ಆದ್ದರಿಂದ ಇಲ್ಲಿ ಅದನ್ನು ಬಿಲ್ಲೆ ಎಂದೇ ಕರೆಯುತ್ತೇನೆ.

ಬಿಲ್ಲೆಗೆ ತನ್ನ ಜಾಗ ಹೇಗೆ ತಿಳಿಯುತ್ತದೆ?

ಚಿತ್ರದುರ್ಗದವರಿಗೆ ಜಿಪಿಎಸ್ ಹೊಸತಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬೆನ್ನಲ್ಲೇ ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಅದಿರು ಗಣಿಗಾರಿಕೆಯನ್ನೂ ನಿಲ್ಲಿಸಿತ್ತು. ಮುಂದೆ ಗಣಿಗಾರಿಕೆ ಮತ್ತೆ ಆರಂಭವಾದ ಮೇಲೆ ಅದಿರು ಲಾರಿಗಳಲ್ಲಿ ಜಿಪಿಎಸ್ ಸಾಮಾನ್ಯವಾಯಿತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಸಾಧನ ತನ್ನ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಬಟಾಬಯಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ: ಟಿಪ್ಪರ್, ರೋಲರ್, ಜೆಸಿಬಿ ಎಲ್ಲಿವೆ ಎಂದು ಕೆಲವು ಮೀಟರುಗಳ ಅಂತರದೊಳಗೆ ಹೇಳಬಹುದು. ಆದರೆ ಅಷ್ಟು ದೂರದಿಂದ ಬರುವ ಸಂಕೇತ ತೀರಾ ಕ್ಷೀಣ. ಎರಡು ಸ್ಲ್ಯಾಬ್‌ಗಳ ಕೆಳಗೆ, ನೆಲಮಾಳಿಗೆಯಲ್ಲಿ, ಸುರಂಗದಲ್ಲಿ ಅದು ಸಿಗುವುದಿಲ್ಲ. ಅಪಾಯ ಹೆಚ್ಚಿರುವ ಜಾಗಗಳೂ ಇವೇ.

ಒಂದು ಸಂಗತಿಯನ್ನು ಇಲ್ಲಿಯೇ ಗಮನಿಸಬೇಕು. ಜಿಪಿಎಸ್ ಸಾಧನ ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಅದು ಕೇಳಿಸಿಕೊಳ್ಳುತ್ತದೆ, ಲೆಕ್ಕ ಹಾಕುತ್ತದೆ, ಅಷ್ಟೇ. ಆ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಮಾಲೀಕನ ಪರದೆಗೆ ಕಳುಹಿಸುವುದು ಎರಡನೆಯ, ಪ್ರತ್ಯೇಕವಾದ ಕೆಲಸ. ಜಾಗ ತಿಳಿಯುವುದು ಬೇರೆ, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೆ. ಮುಂದೆ ಬರುವ ಎಲ್ಲ ಜಗಳಗಳೂ ಈ ಎರಡನೆಯ ಕೆಲಸಕ್ಕೆ ಸಂಬಂಧಿಸಿದವು.

ಕಟ್ಟಡದ ಒಳಗೆ ಬ್ಲೂಟೂತ್ ಬಳಸುತ್ತಾರೆ. ಗೋಡೆ, ಕಾಲಂಗಳಿಗೆ ಸಣ್ಣ ಪೆಟ್ಟಿಗೆಗಳನ್ನು ಕಟ್ಟಿ, ಬಿಲ್ಲೆಯಿಂದ ಬರುವ ಅಲೆ ಎಷ್ಟು ಬಲವಾಗಿದೆ ಎಂಬುದರ ಮೇಲೆ ದೂರವನ್ನು ಅಂದಾಜಿಸುತ್ತಾರೆ. ಖರ್ಚು ಕಡಿಮೆ, ಬ್ಯಾಟರಿ ಬಹಳ ಕಾಲ ಬಾಳುತ್ತದೆ. ತೊಂದರೆ ಏನೆಂದರೆ 2.4 ಗಿಗಾಹರ್ಟ್ಸ್‌ನ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯನ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ಸಿಮೆಂಟ್ ಮೂಟೆ ಹೊತ್ತವನು ಪೆಟ್ಟಿಗೆಗೆ ಬೆನ್ನು ತಿರುಗಿಸಿದರೆ ಸಾಕು, ಅಲೆ ಕುಗ್ಗುತ್ತದೆ, ಅವನು ದೂರ ಹೋದನೆಂದು ಯಂತ್ರ ಭಾವಿಸುತ್ತದೆ. ಸೆಂಟ್ರಿಂಗ್‌ನ ಕಬ್ಬಿಣದ ಹಾಳೆಗಳು, ಕಟ್ಟಿ ನಿಲ್ಲಿಸಿದ ಸರಳುಗಳು ಅಲೆಯನ್ನು ಕನ್ನಡಿಯಂತೆ ಪ್ರತಿಫಲಿಸುತ್ತವೆ. ಮೂರ್ನಾಲ್ಕು ಮೀಟರಿನ ತಪ್ಪು ಇಲ್ಲಿ ದಿನನಿತ್ಯದ ಮಾತು. ಮೂರು ಮೀಟರ್ ಎಂದರೆ ಒಂದು ಮಹಡಿ.

ಇದಕ್ಕಿಂತ ನಿಖರವಾದದ್ದು ಅಲ್ಟ್ರಾ ವೈಡ್‌ಬ್ಯಾಂಡ್. ಇದು ಅಲೆಯ ಬಲವನ್ನು ನೋಡುವುದಿಲ್ಲ, ಅಲೆ ಹೋಗಿ ಬರಲು ಹಿಡಿದ ಸಮಯವನ್ನು ಅಳೆಯುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ ರೇಡಿಯೊ ಅಲೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಅಷ್ಟು ಸೂಕ್ಷ್ಮವಾಗಿ ಸಮಯವನ್ನು ಅಳೆದರೆ ಮನುಷ್ಯನ ಜಾಗ ಒಂದು ಗೇಣು, ಒಂದು ಮೊಳದ ಅಂತರದಲ್ಲಿ ತಿಳಿಯುತ್ತದೆ. ಆದರೆ ಪ್ರತಿ ಕೆಲವು ಹತ್ತು ಮೀಟರಿಗೆ ಒಂದು ಪೆಟ್ಟಿಗೆ ಬೇಕು, ಅದಕ್ಕೆ ವಿದ್ಯುತ್ ಬೇಕು, ಅದರ ಸ್ಥಾನವನ್ನು ಮೊದಲೇ ಅಳೆದು ನಮೂದಿಸಿರಬೇಕು. ಗೋದಾಮಿನಲ್ಲಿ ಒಮ್ಮೆ ಅಳವಡಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. ಕಟ್ಟಡದ ಕೆಲಸದಲ್ಲಿ ಜಾಗವೇ ದಿನದಿನಕ್ಕೂ ಬದಲಾಗುತ್ತದೆ. ನಿನ್ನೆ ಬಯಲಾಗಿದ್ದ ಕಡೆ ಇಂದು ಗೋಡೆ ಎದ್ದಿರುತ್ತದೆ. ಪೆಟ್ಟಿಗೆಯನ್ನು ಸೆಂಟ್ರಿಂಗ್ ಬಿಚ್ಚುವವರು ಎತ್ತಿ ಬದಿಗಿಟ್ಟರೆ ಆ ಮಹಡಿಯ ಲೆಕ್ಕವೆಲ್ಲ ತಪ್ಪುತ್ತದೆ. ಮಾರುವವರು ತೋರಿಸುವ ಚಂದದ ನಕ್ಷೆಯಲ್ಲಿ ಈ ಕಷ್ಟ ಕಾಣುವುದಿಲ್ಲ. ಎತ್ತರವನ್ನು ಗಾಳಿಯ ಒತ್ತಡದಿಂದ ಅಳೆಯುವ ಉಪಾಯವೂ ಇದೆ: ಎಂಟೊಂಬತ್ತು ಮೀಟರ್ ಮೇಲೇರಿದರೆ ಒತ್ತಡ ಒಂದು ಮಿಲಿಬಾರ್‌ನಷ್ಟು ಇಳಿಯುತ್ತದೆ, ಒಂದು ಮಹಡಿಗೆ ಅದರ ಸುಮಾರು ಮೂರನೇ ಒಂದು ಭಾಗ, ಅಷ್ಟನ್ನೂ ಸೂಕ್ಷ್ಮ ಸಾಧನ ಗುರುತಿಸುತ್ತದೆ.

ಯಂತ್ರಗಳ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಜೆಸಿಬಿ, ಹಿಟಾಚಿಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಾರೆ. ಎಷ್ಟು ಗಂಟೆ ಓಡಿತು, ಎಷ್ಟು ಹೊತ್ತು ಇಂಜಿನ್ ಸುಮ್ಮನೆ ಉರಿಯಿತು, ರಾತ್ರಿ ಡೀಸೆಲ್ ಎಲ್ಲಿ ಹೋಯಿತು ಎಂಬ ತಕರಾರುಗಳು ಗುತ್ತಿಗೆದಾರನಿಗೂ ಯಂತ್ರದ ಮಾಲೀಕನಿಗೂ ನೆಮ್ಮದಿ ಕೊಡುವುದಿಲ್ಲ. ಇಂಜಿನ್ನಿಗೆ ಖಾಸಗಿ ಬದುಕಿಲ್ಲ, ಅದರ ಇಡೀ ದಿನದ ಚಲನೆಯನ್ನು ದಾಖಲಿಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ. ಆದರೆ ಟಿಪ್ಪರಿನ ಬಿಲ್ಲೆ ಚಾಲಕನ ಬಿಲ್ಲೆಯೂ ಆಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅವನು ಎಲ್ಲಿ ಚಹಾ ಕುಡಿದ, ಎಷ್ಟು ಹೊತ್ತು ಕಣ್ಣು ಮುಚ್ಚಿದ ಎಂಬುದೂ ಅದೇ ಗೆರೆಯಲ್ಲಿ ಮೂಡುತ್ತದೆ.

ಜೀವ ಉಳಿಸುವುದಕ್ಕೆ ಈ ತಂತ್ರಜ್ಞಾನ ನಿಜವಾಗಿ ಎಲ್ಲಿ ಒದಗುತ್ತದೆ ಎಂದು ಬಿಡಿಸಿ ನೋಡಬೇಕು. ಮೊದಲನೆಯದು ಹಿಮ್ಮುಖವಾಗಿ ಬರುವ ಟಿಪ್ಪರ್. ಚಾಲಕನಿಗೆ ಹಿಂದೆ ಇರುವವರು ಕಾಣುವುದಿಲ್ಲ, ಯಂತ್ರಗಳ ಗದ್ದಲದಲ್ಲಿ ಹಾರ್ನ್ ಕೇಳಿಸುವುದಿಲ್ಲ. ಕೆಲಸಗಾರನ ಬಿಲ್ಲೆಯೂ ಟಿಪ್ಪರಿನ ಸಾಧನವೂ ನೇರವಾಗಿ ಮಾತಾಡಿಕೊಂಡು, ಅಂತರ ಕೆಲವೇ ಮೀಟರಿಗೆ ಇಳಿದ ಕೂಡಲೇ ಚಾಲಕನ ಕಿವಿಯಲ್ಲಿ ಗಂಟೆ ಬಾರಿಸಿ, ಕೆಲಸಗಾರನ ಹೆಲ್ಮೆಟ್ ನಡುಗಿದರೆ ಒಂದು ಜೀವ ಉಳಿಯುತ್ತದೆ. ಇದಕ್ಕೆ ಕೆಲಸಗಾರನ ಹೆಸರು ಬೇಕಿಲ್ಲ. ಕಚೇರಿಯ ಕಂಪ್ಯೂಟರ್ ಬೇಕಿಲ್ಲ. ಒಂದು ನಿಮಿಷದ ಹಿಂದಿನ ದಾಖಲೆಯೂ ಬೇಕಿಲ್ಲ. ಕ್ರೇನ್ ತಿರುಗುವ ವ್ಯಾಪ್ತಿಯೊಳಗೆ ಯಾರಾದರೂ ಬಂದಾಗ ಎಚ್ಚರಿಸುವುದೂ ಹೀಗೆಯೇ.

ಎರಡನೆಯದು ಸುರಂಗ. ಇಲ್ಲಿ ಹೆಸರು ಬೇಕು, ಸದ್ಯದ ಜಾಗವೂ ಬೇಕು. 2006ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಸಾಗೊ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತರು. ಒಬ್ಬರು ಬದುಕಿ ಬಂದರು. ಅದೇ ವರ್ಷ ಬಂದ ಕಾನೂನು ಭೂಗತ ಕಲ್ಲಿದ್ದಲು ಗಣಿಗಳಲ್ಲಿ ಮೂರು ವರ್ಷಗಳೊಳಗೆ ತಂತಿರಹಿತ ಸಂಪರ್ಕವನ್ನೂ ಇಲೆಕ್ಟ್ರಾನಿಕ್ ಸ್ಥಾನಪತ್ತೆಯನ್ನೂ ಕಡ್ಡಾಯ ಮಾಡಿತು. ಕುಸಿದ ಮಣ್ಣು, ಕೆಸರಿನೊಳಗಿಂದ ಬಿಲ್ಲೆಯ ಅಲೆ ಹೊರಗೆ ಬರುತ್ತದೆಂದು ಯಾರೂ ನಂಬಬಾರದು, ಅದು ಬರುವುದಿಲ್ಲ. ಕುಸಿತಕ್ಕೆ ಒಂದು ಕ್ಷಣ ಮೊದಲು ಯಾರು ಯಾವ ಜಾಗದಲ್ಲಿದ್ದರು ಎಂಬ ಕೊನೆಯ ದಾಖಲೆ ಸುರಂಗದ ಬಾಯಿಯ ಹೊರಗೆ ಉಳಿದಿರುತ್ತದೆ, ಅಗೆಯುವವರಿಗೆ ಅದೇ ದಾರಿ ತೋರಿಸುತ್ತದೆ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಸಿಲುಕಿದ 41 ಮಂದಿ ಕುಸಿತದ ಆಚೆ ಬದುಕಿದ್ದರು, ಪೈಪಿನ ಮೂಲಕ ಅವರೊಂದಿಗೆ ಮಾತಾಡಲು ಸಾಧ್ಯವಾಯಿತು, 28ರಂದು ಎಲ್ಲರೂ ಹೊರಬಂದರು. ತೆಲಂಗಾಣದಲ್ಲಿ ಆ ಭಾಗ್ಯ ಒದಗಲಿಲ್ಲ.

ಗಮನಿಸಿ: ಈ ಎರಡೂ ಕೆಲಸಗಳಿಗೆ ಕಳೆದ ಮಂಗಳವಾರ ಯಾರು ಎಷ್ಟು ಹೊತ್ತು ಎಲ್ಲಿದ್ದರು ಎಂಬುದು ಬೇಕಾಗಿಲ್ಲ. ಹಾಜರಿಗೂ ಅದು ಬೇಡ, ಗೇಟಿನ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಸಾಕು. ಹಾಗಾದರೆ ಪ್ರತಿ ಹೆಜ್ಜೆಯ ಇತಿಹಾಸ ಯಾರಿಗೆ ಬೇಕು? ಕೆಲಸದ ವೇಗವನ್ನು ಅಳೆಯಬೇಕೆನ್ನುವವರಿಗೆ. ಆ ಅಳತೆಯಲ್ಲೂ ಒಳ್ಳೆಯ ಉದ್ದೇಶ ಇರಬಹುದೆಂದು ಒಪ್ಪುತ್ತೇನೆ. ಗಾರೆ ಕೆಲಸದವರು ದಿನದ ಎಷ್ಟು ಹೊತ್ತನ್ನು ಇಟ್ಟಿಗೆಗಾಗಿ, ನೀರಿಗಾಗಿ ಕಾಯುತ್ತಾ ಕಳೆಯುತ್ತಾರೆ ಎಂದು ಗೊತ್ತಾದರೆ ಸಾಮಗ್ರಿಯನ್ನು ಮೊದಲೇ ಹತ್ತಿರ ತಂದಿಡಬಹುದು. ಆದರೆ ನಕ್ಷೆಯಲ್ಲಿ ಕಾಯುವವನೂ ಸೋಮಾರಿಯೂ ಒಂದೇ ಚುಕ್ಕೆ. ಇಟ್ಟಿಗೆ ತಡವಾಗಿ ಬಂದದ್ದರ ತಪ್ಪು ನಿಂತಿದ್ದವನ ಲೆಕ್ಕಕ್ಕೆ ಬೀಳುತ್ತದೆ.

ಇದು ಬರೀ ಊಹೆಯಲ್ಲ. ನರೇಗಾ ಕೆಲಸದ ಹಾಜರಿಗೆ ಮೊಬೈಲ್ ಆ್ಯಪ್ ಬಂದದ್ದು 2021ರಲ್ಲಿ, 2023ರ ಜನವರಿಯಿಂದ ಅದು ಬಹುತೇಕ ಎಲ್ಲೆಡೆ ಕಡ್ಡಾಯವಾಯಿತು. ದಿನಕ್ಕೆ ಎರಡು ಬಾರಿ ಕೆಲಸದ ಜಾಗದಲ್ಲಿ ಜನರ ಫೋಟೊ ತೆಗೆದು, ಸ್ಥಳದ ಗುರುತಿನೊಂದಿಗೆ ಏರಿಸಬೇಕಿತ್ತು. ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಮೈಮುರಿದು ಮಣ್ಣು ಹೊತ್ತವರ ಹಾಜರಿ ದಾಖಲಾಗಲಿಲ್ಲ. ಇತ್ತ ಮೋಸ ಮಾಡಬೇಕೆಂದವರು ಫೋಟೊದ ಫೋಟೊ ತೆಗೆದು ಏರಿಸಿದರು, 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಇದನ್ನು ಒಪ್ಪಿಕೊಂಡಿತು. ನಾಗಪುರ, ಚಂಡೀಗಢದಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದರು. ಕಾರ್ಮಿಕರು ಪ್ರತಿಭಟಿಸಿದರು. ಆ ಗಡಿಯಾರವನ್ನು ಕಟ್ಟಿಕೊಂಡು ಶೌಚಾಲಯಕ್ಕೆ ಹೋಗಬೇಕಾದ ಮಹಿಳೆಯ ಸಂಕಟವನ್ನು ಒಂದು ಕ್ಷಣ ಊಹಿಸಿಕೊಳ್ಳಿ. ನಮ್ಮ ಕಟ್ಟಡಗಳಲ್ಲಿ ಕಾಂಕ್ರೀಟ್ ಬುಟ್ಟಿ ಹೊರುವವರಲ್ಲಿ ಎಷ್ಟೋ ಮಂದಿ ಹೆಂಗಸರು. ಅನೇಕ ಕಡೆ ಅವರಿಗೆ ಶೌಚಾಲಯವೇ ಇರುವುದಿಲ್ಲ, ದೂರದ ಮರೆ ಹುಡುಕಿಕೊಂಡು ಹೋಗುತ್ತಾರೆ. ಶೆಡ್ಡಿನಲ್ಲಿ ಮಲಗಿಸಿದ ಕೂಸಿಗೆ ಹಾಲು ಕೊಡಲು ಹೋಗುತ್ತಾರೆ. ಅವರು ಎಲ್ಲಿ ಹೋದರು, ಎಷ್ಟು ಹೊತ್ತು ಇದ್ದರು ಎಂಬುದನ್ನು ಯಾರೋ ಒಬ್ಬ ಸೂಪರ್‌ವೈಸರ್ ಪರದೆಯ ಮೇಲೆ ನೋಡುತ್ತಾ ಕುಳಿತಿರುವುದು ಕಿರಿಕಿರಿ ಮಾತ್ರವೇ ಆಗಿ ಉಳಿಯುವುದಿಲ್ಲ, ಅದು ಅಪಾಯವೂ ಹೌದು.

ಕಾನೂನು ಇಲ್ಲಿ ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಕನ್ನಡಕ್ಕೂ ಅಲ್ಲಿ ಜಾಗ ಇದೆ ಎಂದು ಓದಿದಾಗ ನನಗೆ ಸಂತೋಷವಾಗಿತ್ತು. ಆದರೆ ಏಳನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ: ಉದ್ಯೋಗದ ಉದ್ದೇಶಕ್ಕೆ, ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ, ಕೆಲಸಗಾರನ ಒಪ್ಪಿಗೆ ಇಲ್ಲದೆಯೇ ದತ್ತಾಂಶವನ್ನು ಬಳಸಬಹುದು. ಒಪ್ಪಿಗೆ ಕೇಳುವ ಅಗತ್ಯವಿಲ್ಲ ಎಂದ ಮೇಲೆ ಸೂಚನೆಯೂ ಇಲ್ಲ. ಹನ್ನೊಂದು, ಹನ್ನೆರಡನೇ ಸೆಕ್ಷನ್‌ಗಳು ಕೊಡುವ ಹಕ್ಕು, ಅಂದರೆ ನನ್ನ ಬಗ್ಗೆ ಏನಿದೆ ತೋರಿಸಿ, ತಪ್ಪಿದ್ದರೆ ತಿದ್ದಿ ಎಂದು ಕೇಳುವ ಹಕ್ಕು, ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಹೀಗಾಗಿ ಒಪ್ಪಿಗೆ ಕೇಳಿಸಿಕೊಳ್ಳದ ಕೂಲಿಕಾರನಿಗೆ ತನ್ನದೇ ಹೆಜ್ಜೆಯ ಲೆಕ್ಕವನ್ನು ನೋಡುವ ಹಕ್ಕೂ ಸಿಗುವುದಿಲ್ಲ. ದತ್ತಾಂಶವನ್ನು ಭದ್ರವಾಗಿಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ನಿಜ, ಆದರೆ ಭದ್ರವಾದ ಕಪಾಟಿನಲ್ಲಿಟ್ಟ ತಪ್ಪು ಲೆಕ್ಕದಿಂದ ಅವನಿಗೇನು ಬಂತು?

ವೇತನದ ಕಾನೂನಿನಲ್ಲಿ ಇನ್ನೊಂದು ತೊಡಕಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯಲ್ಲೂ, ಕೆಲಸ ಮಾಡಬೇಕಾದ ಸ್ಥಳದಿಂದ ಗೈರಾದ ಹೊತ್ತಿಗೆ ಕೂಲಿ ಕಡಿತ ಮಾಡಬಹುದು ಎಂದಿದೆ. ಆ ಮಾತು ಬರೆದ ಕಾಲದಲ್ಲಿ ಸ್ಥಳ ಎಂದರೆ ಗಿರಣಿಯ ಆವರಣ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದವರ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಸೈರನ್ ಕೂಗುವ ಹೊತ್ತಿಗೆ ಗೇಟಿನ ಒಳಗಿದ್ದರೆ ಹಾಜರಿ. ಸೈರನ್ ಮಾಲೀಕನಿಗೂ ಕೇಳಿಸುತ್ತಿತ್ತು, ಕಾರ್ಮಿಕನಿಗೂ, ಮನೆಯಲ್ಲಿ ಕಾಯುವವರಿಗೂ. ಒಂದು ಮೊಳದಷ್ಟು ನಿಖರವಾಗಿ ಜಾಗ ತಿಳಿಯುವ ಕಾಲದಲ್ಲಿ ಸ್ಥಳ ಎಂಬ ಪದವನ್ನು ಮೂರನೇ ಮಹಡಿಯ ಈಶಾನ್ಯ ಮೂಲೆ ಎಂದು ಕುಗ್ಗಿಸಬಹುದು. ಬೆನ್ನು ತಿರುಗಿಸಿ ನಿಂತದ್ದಕ್ಕೆ ಅರ್ಧ ಗಂಟೆಯ ಕೂಲಿ ಹೋಗಬಹುದು. ಈ ಬಗ್ಗೆ ನ್ಯಾಯಾಲಯಗಳು ಹೇಳುವವರೆಗೆ ಕಾಯದೆ, ಬಿಲ್ಲೆಯ ಲೆಕ್ಕದ ಮೇಲೆ ಕೂಲಿ ಕಡಿತ ಮಾಡುವುದಿಲ್ಲ ಎಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಿಸಬೇಕು. ನಾಲೆ, ಹೆದ್ದಾರಿ, ರೈಲು ಮಾರ್ಗ, ನಮ್ಮ ಭಾಗದ ದೊಡ್ಡ ಕೆಲಸಗಳೆಲ್ಲ ಸಾರ್ವಜನಿಕ ಹಣದವು, ಆದ್ದರಿಂದ ಹಾಗೆ ಕೇಳುವ ಹಕ್ಕು ನಮಗಿದೆ.

ಇನ್ನೂ ಕೆಲವು ಸಣ್ಣ ತೀರ್ಮಾನಗಳು ಬಹಳ ದೊಡ್ಡ ವ್ಯತ್ಯಾಸ ಮಾಡುತ್ತವೆ. ಬಿಲ್ಲೆ ಹೆಲ್ಮೆಟ್ಟಿನಲ್ಲಿರಲಿ, ಕೆಲಸ ಮುಗಿದ ಮೇಲೆ ಹೆಲ್ಮೆಟ್ ಗೇಟಿನ ಬಳಿಯೇ ಉಳಿಯಲಿ. ಅದೇ ಕೆಲಸವನ್ನು ಕೆಲಸಗಾರನ ಮೊಬೈಲ್ ಆ್ಯಪ್‌ಗೆ ವಹಿಸಿದರೆ ಅದು ಅವನೊಂದಿಗೆ ಶೆಡ್ಡಿಗೂ ಹೋಗುತ್ತದೆ, ಸಂತೆಗೂ ಹೋಗುತ್ತದೆ, ಭಾನುವಾರ ಸಂಘದ ಸಭೆಗೂ ಹೋಗುತ್ತದೆ. ಶೌಚಾಲಯ, ಊಟದ ಜಾಗ, ಕೂಸುಗಳ ಜಾಗವನ್ನು ನಕ್ಷೆಯಿಂದ ಹೊರಗಿಡಲಿ. ಪಾಳಿ ಮುಗಿದು ಎಲ್ಲರೂ ಸುರಕ್ಷಿತವಾಗಿ ಹೊರಬಂದ ಮೇಲೆ ಆ ದಿನದ ಹೆಜ್ಜೆಗಳ ಲೆಕ್ಕವನ್ನು ಅಳಿಸಲಿ, ಒಳಬಂದ ಮತ್ತು ಹೊರಹೋದ ಹೊತ್ತು ಮಾತ್ರ ಉಳಿಯಲಿ.

ಮೂರು ಅಂತಸ್ತಿನ ಮನೆ ಕಟ್ಟುವ ಜಾಗಕ್ಕೆ ಈ ಬಿಲ್ಲೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಬೇಕಿರುವುದು ಗಟ್ಟಿಯಾದ ಸಾರವೆ, ಸೊಂಟಕ್ಕೆ ಹಗ್ಗ, ತಲೆಗೆ ಹೆಲ್ಮೆಟ್. ದಾವಣಗೆರೆಯ ಶ್ಯಾಬನೂರು ಕಡೆಯ ಹೊಸ ಬಡಾವಣೆಗಳಲ್ಲಿ ಸಂಜೆ ಒಂದು ಸುತ್ತು ನಡೆದರೆ ಈ ಮೂರೂ ಇಲ್ಲದೆ ಮೇಲೆ ನಿಂತವರು ಕಾಣುತ್ತಾರೆ.

ಒಳಬಂದ, ಹೊರಹೋದ ಹೊತ್ತಿನ ಆ ದಾಖಲೆ ಉಳಿಯಲಿ ಎಂದದ್ದಕ್ಕೆ ಕಾರಣ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸದಸ್ಯತ್ವಕ್ಕೆ, ನಮ್ಮ ಜನ ಲೇಬರ್ ಕಾರ್ಡ್ ಎನ್ನುವುದಕ್ಕೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು ಎಂದು 1996ರ ಕಾಯ್ದೆ ಹೇಳಿತು. ಮಕ್ಕಳ ಓದಿಗೆ, ಮದುವೆಗೆ, ಅಪಘಾತವಾದರೆ ಪರಿಹಾರಕ್ಕೆ ದಾರಿ ಆ ಕಾರ್ಡೇ. ಒಂದು ತಿಂಗಳು ಹಿರಿಯೂರಿನ ಬಳಿ ರಸ್ತೆಗೆ, ಇನ್ನೊಂದು ತಿಂಗಳು ದಾವಣಗೆರೆಯ ಅಪಾರ್ಟ್‌ಮೆಂಟಿಗೆ, ಮತ್ತೆ ಹೊಸದುರ್ಗದ ಕಡೆ ನಾಲೆಗೆ ದುಡಿದವನು 90 ದಿನದ ರುಜುವಾತಿಗಾಗಿ ಯಾವ ಗುತ್ತಿಗೆದಾರನ ಸಹಿ ಹಿಡಿದು ಅಲೆಯಬೇಕು? ನಿಜವಾಗಿ ದುಡಿದವನಿಗೆ ಸಹಿ ಸಿಗದೆ, ಸುತ್ತಿಗೆಯನ್ನೇ ಮುಟ್ಟದವರಿಗೆ ಕಾರ್ಡ್ ಸಿಕ್ಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಬಿಲ್ಲೆ ಇರುವ ಕಾಮಗಾರಿಯ ಕಂಪ್ಯೂಟರಿನಲ್ಲಿ ಆ 90 ದಿನಗಳ ಲೆಕ್ಕ ಗಂಟೆ ಸಮೇತ ಇರುತ್ತದೆ. ಎಂಟು ಗಂಟೆ ಮೀರಿ ದುಡಿದದ್ದೂ, ಅದಕ್ಕೆ ಬರಬೇಕಾದ ದುಪ್ಪಟ್ಟು ಕೂಲಿಯ ಲೆಕ್ಕವೂ ಇರುತ್ತದೆ.

ಹಾಗಾಗಿ ನನ್ನ ಬೇಡಿಕೆ ಸರಳವಾದದ್ದು. ಬಿಲ್ಲೆ ಕೊಡುವ ಗುತ್ತಿಗೆದಾರ ಪ್ರತಿ ಬಟವಾಡೆಯ ದಿನ ಕೂಲಿಯ ಜೊತೆ ಒಂದು ಚೀಟಿಯನ್ನೂ ಕೊಡಲಿ: ಎಷ್ಟು ದಿನ ಬಂದೆ, ಯಾವ ಹೊತ್ತಿಗೆ ಒಳಗೆ, ಯಾವ ಹೊತ್ತಿಗೆ ಹೊರಗೆ, ಹೆಚ್ಚುವರಿ ಎಷ್ಟು ಗಂಟೆ. ಅದರ ಮೇಲೆ ಗುತ್ತಿಗೆದಾರನ ಮೊಹರು ಇರಲಿ, ಕಾರ್ಮಿಕ ಇಲಾಖೆ ಅದನ್ನು 90 ದಿನದ ಪುರಾವೆಯಾಗಿ ಒಪ್ಪಿಕೊಳ್ಳಲಿ. ಯಾದಗಿರಿಯಿಂದ ಬಂದವಳಿಗೆ ಕನ್ನಡದಲ್ಲಿ, ಒಡಿಶಾದಿಂದ ಬಂದವನಿಗೆ ಒಡಿಯಾದಲ್ಲಿ, ಓದಲು ಬಾರದವರಿಗೆ ಎಲ್ಲರ ಎದುರು ಮೇಸ್ತ್ರಿ ಗಟ್ಟಿಯಾಗಿ ಓದಿ ಹೇಳುವಂತೆ, ತಪ್ಪಿದ್ದರೆ ಅಲ್ಲಿಯೇ ನಿಂತು ವಾದ ಮಾಡುವಂತೆ.